ಕಬ್ಬಿಣದ ಉಳಿ, ಒಂದು ಗಂಟು

ಎಸ್ಸೆಸ್ಸೆಲ್ಸಿ ಮುಗಿಸಿ ದಿನಗೂಲಿ ಅಟೆಂಡರ್ ಆಗಿ ಗ್ರಂಥಾಲಯ ಸೇರಿದವನು ನಾನು. ಸಹಾಯಕನಾಗಿ ನಿವೃತ್ತನಾದೆ. ಅಷ್ಟು ವರ್ಷಗಳಲ್ಲಿ ರಿಜಿಸ್ಟರುಗಳಲ್ಲಿ ಸಾವಿರಾರು ಸಾಲು ಬರೆದಿದ್ದೇನೆ. ನನ್ನ ಅಕ್ಷರ ದುಂಡಗಿತ್ತು, ಮೇಲಿನವರು ಹೊಗಳುತ್ತಿದ್ದರು. ಆ ಸಾವಿರಾರು ಸಾಲುಗಳಲ್ಲಿ ಮೂರು ಸಾಲುಗಳನ್ನು ನಾನು ತಿಳಿದೂ ತಿಳಿದೂ ಕೆಡಿಸಿ ಬರೆದೆ. ಅವುಗಳಿಂದಾಗಿ ಗುಂಡ್ಲುಪೇಟೆಯ ಒಬ್ಬ ಮರ್ಯಾದಸ್ಥ ಕೆಲಸಗಾರರು ತಮ್ಮ ಸ್ವಂತ ಮಗಳ ಕಣ್ಣಿನಲ್ಲಿ ಸುಳ್ಳುಗಾರರಾಗಿಯೇ ಮಣ್ಣಿಗೆ ಹೋದರು. ಇದು ನನಗೆ ಗೊತ್ತಾದದ್ದು ತೀರ ಈಚೆಗೆ, ನನಗೆ ಎಪ್ಪತ್ತು ದಾಟಿದ ಮೇಲೆ.

ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಅವರ ಹೆಸರು ಇರಬೇಕಾದ ಜಾಗದಲ್ಲಿ ಈಗ ಇದೆ. ನನ್ನ ಹೆಸರೂ ಅದರ ಕೆಳಗೆ ಇದೆ. ಅಷ್ಟು ಸಾಕು.

ನಾನು ಹರವೆಯವನು. ನಮ್ಮ ಕಡೆ ಆಗ ಮದುವೆ ಎಂದರೆ ಪಾತ್ರೆಗೆ ಹೆಸರು ಹಾಕಿಸಲೇಬೇಕಿತ್ತು. ಹೆಣ್ಣಿಗೆ ಕೊಡುವ ಹಿತ್ತಾಳೆ ಬಿಂದಿಗೆ, ತಾಮ್ರದ ಹಂಡೆ, ಚೊಂಬು, ತಟ್ಟೆ ಎಲ್ಲದರ ಮೇಲೂ ಅವಳ ಹೆಸರು ಚುಕ್ಕಿ ಚುಕ್ಕಿಯಾಗಿ ಮೂಡಬೇಕು. ಒಂದು ಮನೆಯಲ್ಲಿ ಶುಭಕಾರ್ಯವಾದರೆ ಬೀದಿಯ ಹತ್ತು ಮನೆಯ ಪಾತ್ರೆಗಳು ಅಲ್ಲಿಗೆ ಹೋಗುತ್ತಿದ್ದವು. ಹೆಸರಿಲ್ಲದ ಪಾತ್ರೆ ಹೋದದ್ದು ಹೋದಂತೆಯೇ.

ಆ ಕೆಲಸಕ್ಕೆ ಸುತ್ತಲ ಹಳ್ಳಿಯವರೆಲ್ಲ ಹೋಗುತ್ತಿದ್ದುದು ಗುಂಡ್ಲುಪೇಟೆಯ ಒಬ್ಬ ಸಾಬರ ಹತ್ತಿರ. ಮಾರುಕಟ್ಟೆಯ ಪಕ್ಕದ ಓಣಿಯಲ್ಲಿ, ಈರುಳ್ಳಿ ಮೂಟೆಗಳ ಸಂದಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಕಲಾಯಿಯನ್ನೂ ಹಾಕುತ್ತಿದ್ದರು, ಆದರೆ ಅವರ ಹೆಸರು ಇದ್ದದ್ದು ಹೆಸರು ಹೊಡೆಯುವುದರಲ್ಲಿ. ವಿಚಿತ್ರವೆಂದರೆ ಅವರಿಗೆ ಕನ್ನಡ ಓದಲು ಬರೆಯಲು ಬರುತ್ತಿರಲಿಲ್ಲ. ಮನೆಯಲ್ಲಿ ಉರ್ದು ಮಾತು, ಉರ್ದು ಓದು. ಅದಕ್ಕಾಗಿ ಅವರು ಒಂದು ದಪ್ಪ ಪುಸ್ತಕ ಇಟ್ಟಿದ್ದರು. ಬಂದ ಗಿರಾಕಿ ಅದರಲ್ಲಿ ತನ್ನ ಕೈಯಾರೆ ಹೆಸರು ಬರೆಯಬೇಕು. ಅದನ್ನು ಅವರು ಚಿತ್ರ ನೋಡಿದಂತೆ ನೋಡಿಕೊಂಡು, ಗೆರೆ ಗೆರೆಗೂ ಬೇರೆ ಬೇರೆ ಉಳಿ ಹಿಡಿದು ಲೋಹದ ಮೇಲೆ ಇಳಿಸುತ್ತಿದ್ದರು. ಆಮೇಲೆ ಆ ಹೆಸರಿನ ಕೆಳಗೆ ಯಾವ ಪಾತ್ರೆ, ಯಾವ ಯಾವ ಉಳಿ ಎಂದು ಉರ್ದುವಿನಲ್ಲಿ ಗುರುತು ಹಾಕುತ್ತಿದ್ದರು. ಮುಂದೆ ಅದೇ ಮನೆಯವರು ಮತ್ತೊಂದು ಪಾತ್ರೆ ತಂದರೆ ಎರಡೂ ಜೋಡಿಯಾಗಿ ಕಾಣಬೇಕಲ್ಲ, ಅದಕ್ಕೆ.

ನನ್ನ ತಂಗಿಯ ಮದುವೆಗೆ ಅಪ್ಪನ ಜೊತೆ ನಾನೇ ಹೋಗಿದ್ದೆ. ಬಸ್ಸಿನಲ್ಲಿ ಹರವೆಯಿಂದ ಗುಂಡ್ಲುಪೇಟೆಯವರೆಗೂ ಹಂಡೆ ನನ್ನ ತೊಡೆಯ ಮೇಲೆ. ಸಾಬರು ಪುಸ್ತಕ ನನ್ನ ಮುಂದೆ ತಳ್ಳಿದರು.

"ಬರೀರಿ ಸ್ವಾಮಿ, ದಪ್ಪ ಅಕ್ಸರದಲ್ಲಿ ಬರೀರಿ. ನೀವು ಸೊಟ್ಟಗೆ ಬರುದ್ರೆ ಅಂಡೆ ಮ್ಯಾಲೂ ಸೊಟ್ಟಗೇ ಬತ್ತದೆ. ಆಮ್ಯಾಕೆ ನಿಮ್ಮ ಬಾವ ಬಂದು ಬೈದ್ರೆ ನಾನು ಈ ಬುಕ್ಕು ತೋರುಸ್ತೀನಿ, ಬೈಗುಳ ನಿಮಗೇ."

ಅಪ್ಪ ನಕ್ಕು, "ಅವನ ಅಕ್ಸರ ಮುತ್ತಿನಂಗದೆ ಕಣ್ರೀ ಸಾಬ್ರೇ" ಎಂದರು.

"ಪಕ್ಕದಲ್ಲಿ ಏನು ಹೊಡೀಲಿ? ಹೂವಾ, ಮೀನಾ, ದೀಪವಾ?"

"ದೀಪ ಹೊಡೀರಿ. ಹೆಣ್ಣುಮಗ ಬೆಳಕಾಗಿ ಇರ್ಲಿ."

ನಾನು ತಂಗಿಯ ಹೆಸರು ಬರೆದೆ. ಅವರು ಹೊಡೆದರು. ನನ್ನದೇ ಅಕ್ಷರ, ನಾನು ಎಳೆಯುವ ಕೊಂಬಿನ ಬಾಲ ಸಮೇತ, ತಾಮ್ರದ ಮೇಲೆ ಹೊಳೆಯುತ್ತಿತ್ತು.

ಎಷ್ಟೋ ವರ್ಷಗಳ ನಂತರ ನನಗೆ ಗುಂಡ್ಲುಪೇಟೆಯ ಗ್ರಂಥಾಲಯಕ್ಕೆ ವರ್ಗವಾಯಿತು. ಅಷ್ಟರಲ್ಲಿ ಸ್ಟೀಲು ಪಾತ್ರೆ ಬಂದಿತ್ತು, ಅಂಗಡಿಯವರೇ ಕರೆಂಟಿನ ಪೆನ್ನಿನಲ್ಲಿ ಕ್ಷಣಕ್ಕೆ ಹೆಸರು ಗೀಚಿ ಕೊಡುತ್ತಿದ್ದರು. ಸಾಬರ ಕಣ್ಣೂ ಮಂಜಾಗಿತ್ತು. ನಮ್ಮಲ್ಲಿಗೆ ಒಂದು ಉರ್ದು ಪತ್ರಿಕೆ ಬರುತ್ತಿತ್ತು. ಅದನ್ನು ಓದಲು ಅವರು ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡು ಓದುವರು. ಮುಗಿದ ಮೇಲೆ ಮಡಿಕೆ ಮಡಿಕೆಗೆ ಕೂಡಿಸಿ, ಹೊಸದರಂತೆ ಮಡಿಸಿ ಇಟ್ಟು ಹೋಗುವರು.

ಒಂದು ದಿನ ಆಟೋದಲ್ಲಿ ಒಂದು ಟ್ರಂಕು ತಂದು ನನ್ನ ಮೇಜಿನ ಪಕ್ಕ ಇಳಿಸಿದರು.

"ಏನಿದು ಸಾಬ್ರೇ?"

"ನನ್ನ ಕಸುಬು ಸ್ವಾಮಿ. ಮನೇಲಿಟ್ರೆ ನಾನು ಸತ್ಮೇಲೆ ಗುಜರಿಗೆ ಹೋಯ್ತದೆ. ಇಲ್ಲಿದ್ರೆ ಸರ್ಕಾರ ಇರೋಗಂಟ ಇರ್ತದೆ."

ಟ್ರಂಕಿನಲ್ಲಿ ಆ ದಪ್ಪ ಪುಸ್ತಕವಿತ್ತು. ಒಂದು ಚರ್ಮದ ಸುರುಳಿ ಇತ್ತು. ಅದನ್ನು ಬಿಚ್ಚಿದರೆ ಸಾಲಾಗಿ ಗೂಡುಗಳು, ಗೂಡಿಗೊಂದು ಉಳಿ, ಉಳಿಯ ಬೆನ್ನ ಮೇಲೆ ಗೀರುಗಳ ಗುರುತು. ಒಂದು ತಾಮ್ರದ ತಗಡಿನ ಮೇಲೆ ಪ್ರತಿಯೊಂದು ಉಳಿಯನ್ನೂ ಒಂದೊಂದು ಸಲ ಹೊಡೆದ ಮಾದರಿ. ಬರಲಾಗದವರು ಯಾರದೋ ಕೈಯಲ್ಲಿ ಹೆಸರು ಬರೆದು ಕಳಿಸಿದ್ದ ಚೀಟಿಗಳ ಒಂದು ಕಟ್ಟು. ಎಲ್ಲದರ ಮೇಲೆ ಒಂದು ಹಾಳೆ, ಅದರ ತುಂಬ ಉರ್ದು. ಯಾವ ಗೂಡಿನಲ್ಲಿ ಯಾವ ಉಳಿ, ಅದರ ಮಾದರಿ ತಗಡಿನಲ್ಲಿ ಎಲ್ಲಿ, ಅದು ಪುಸ್ತಕದ ಯಾವ ಪುಟದ ಹೆಸರಿಗೆ ಬಿತ್ತು, ಯಾವ ಚೀಟಿ ಯಾವ ಪುಟಕ್ಕೆ ಸೇರಿದ್ದು ಎಂದು ಅವರೇ ಬರೆದ ಪಟ್ಟಿ. ಬೆರಳಿಟ್ಟು ನನಗೆ ಓದಿ ಹೇಳಿದರು. ಕೊನೆಗೆ, "ಇದೆಲ್ಲ ಒಂದೇ ಸಂಸಾರ ಸ್ವಾಮಿ. ಬ್ಯಾರೆ ಮಾಡ್ಬ್ಯಾಡಿ" ಎಂದರು.

ಅವರು ಹೋದ ಮೇಲೆ ನಾನು ನಮ್ಮ ಹಿರಿಯ ಗುಮಾಸ್ತರನ್ನು ಕೇಳಿದೆ. ಅವರು ಟ್ರಂಕಿನೊಳಗೆ ಇಣುಕಿ ನೋಡಿ ಹೌಹಾರಿದರು.

"ಏನ್ಲಾ ಇದು? ಉಳೀನೆಲ್ಲ ಎಣಿಸಿ ರಿಜಿಸ್ಟರಿಗೆ ಏರುಸ್ಬುಟ್ಯಾ?"

"ಇನ್ನೂ ಇಲ್ಲ."

"ಏರುಸ್ಬ್ಯಾಡ. ವರ್ಸ ವರ್ಸ ಸ್ಟಾಕ್ ನೋಡಕೆ ಬತ್ತಾರೆ. ಒಂದು ಕಮ್ಮಿ ಬಂದ್ರೆ ನಿನ್ನ ಕುತ್ಗೆಗೆ. ಒಂದ್ಮಾತು ತಿಳ್ಕೊ, ಎಣಿಸಿದ್ದು ಕಳೀತದೆ, ಎಣಿಸದೇ ಇದ್ದದ್ದು ಕಳಿಯಲ್ಲ. ಗಂಟು ಅಂತ ಬರಿ. ಗಂಟಲ್ಲಿ ಹತ್ತಿದ್ರೂ ಗಂಟೇ, ಎಲ್ಡಿದ್ರೂ ಗಂಟೇ."

ಇದು ಅವರೊಬ್ಬರ ಬುದ್ಧಿಯಲ್ಲ, ನಮ್ಮಂಥ ಸಣ್ಣ ನೌಕರರು ಒಬ್ಬರಿಂದೊಬ್ಬರು ಕಲಿತ ವಿದ್ಯೆ. ಎಷ್ಟು ಕಡಿಮೆ ಬರೆದರೆ ಅಷ್ಟು ಕ್ಷೇಮ. ಅದರ ಜೊತೆಗೆ ಇನ್ನೊಂದು ತಾಪತ್ರಯವಿತ್ತು. ನಮ್ಮ ರಿಜಿಸ್ಟರಿನಲ್ಲಿ ಇದ್ದ ಕಾಲಮ್ಮುಗಳು ಕರ್ತೃ, ಶೀರ್ಷಿಕೆ, ಪ್ರಕಾಶಕರು, ಪುಟ. ಉಳಿಗೆ ಯಾವ ಕರ್ತೃ? ಚೀಟಿಗೆ ಯಾವ ಶೀರ್ಷಿಕೆ? ಮೇಲಿನ ಕಚೇರಿಗೆ ಕಾಗದ ಬರೆದು ಕೇಳಬಹುದಿತ್ತು. ಕೇಳಿದರೆ ಅವರು ಪೂರ್ತಿ ಪಟ್ಟಿ ಕೇಳುತ್ತಾರೆ, ದಾನಿಯ ಹೆಸರಿಗೆ ಸೀಲು ಹಾಕಿದ ರಸೀತಿ ಕೊಡಬೇಕಾಗುತ್ತದೆ, ಆಮೇಲೆ ಅಷ್ಟೂ ವಸ್ತುಗಳಿಗೆ ನಾನೇ ಕಾವಲುಗಾರ.

ಆ ವಾರ ಚಾಮರಾಜನಗರದ ವಸ್ತು ಸಂಗ್ರಹಾಲಯಕ್ಕೂ ದಾಖಲೆ ಕೊಠಡಿಗೂ ಹಳೆ ಸಾಮಾನು ಒಯ್ಯಲು ಒಂದು ಜೀಪು ಹೊರಟಿತ್ತು. ನಾನು ಮೂರು ಸಾಲು ಬರೆದೆ.

ನಮ್ಮ ರಿಜಿಸ್ಟರಿನಲ್ಲಿ: ಹಳೆಯ ಕೈಬರಹದ ಪುಸ್ತಕ, ಒಂದು. ಕರ್ತೃ ತಿಳಿದಿಲ್ಲ. ಬಂದ ಮೂಲ, ಹಳೆ ದಾಸ್ತಾನು.

ವಸ್ತು ಸಂಗ್ರಹಾಲಯಕ್ಕೆ ಕಳಿಸಿದ ಪಟ್ಟಿಯಲ್ಲಿ: ಕಬ್ಬಿಣದ ಉಳಿ, ಒಂದು ಗಂಟು, ತಗಡು ಸಹಿತ. ಹಳೆ ದಾಸ್ತಾನು.

ದಾಖಲೆ ಕೊಠಡಿಗೆ ಕಳಿಸಿದ ಪಟ್ಟಿಯಲ್ಲಿ: ಬಿಡಿ ಕಾಗದ, ಒಂದು ಕಟ್ಟು. ಹಳೆ ದಾಸ್ತಾನು.

ಚರ್ಮದ ಸುರುಳಿಗೆ ಹುಳ ಹಿಡಿಯುತ್ತದೆ ಎಂದು ಉಳಿಗಳನ್ನು ಹಿರಿದು ಗೋಣಿ ಬಟ್ಟೆಯಲ್ಲಿ ಕಟ್ಟಿದೆ. ಸುರುಳಿಯನ್ನೂ ಉರ್ದು ಪಟ್ಟಿಯನ್ನೂ ಹಿತ್ತಲಿನಲ್ಲಿ ಒಣ ಎಲೆಯ ಜೊತೆ ಸುಟ್ಟೆ. ಪಟ್ಟಿ ನನಗೆ ಓದಲು ಬರುತ್ತಿರಲಿಲ್ಲ. ಓದಲು ಬಾರದ್ದು ಕಾಗದವೇ ಅಲ್ಲ ಎಂಬಂತೆ ನಡೆದುಕೊಂಡೆ. ಗಂಟು ಕಟ್ಟುವಾಗ ಕೈಗೆ ಚೆನ್ನಾಗಿ ಕೂತ ಒಂದು ಉಳಿಯನ್ನು ಜೇಬಿಗೆ ಹಾಕಿಕೊಂಡೆ. ಗಂಟಿನಲ್ಲಿ ಎಷ್ಟಿದ್ದವೆಂದು ಯಾರಿಗೂ ಗೊತ್ತಿರಲಿಲ್ಲವಲ್ಲ.

ಮಾರನೆಯ ದಿನದಿಂದ ಸಾಬರು ಪತ್ರಿಕೆ ಓದುವ ಮುಂಚೆ ನನ್ನ ಮೇಜಿನ ಮುಂದೆ ನಿಲ್ಲತೊಡಗಿದರು.

"ಸ್ವಾಮಿ, ಟ್ರಂಕು ಕೊಟ್ಟಿದ್ದಕ್ಕೆ ಚೀಟಿ?"

"ನಾಳೆ ಬನ್ನಿ ಸಾಬ್ರೇ. ಸಾಹೇಬ್ರು ರಜ."

ಇನ್ನೊಂದು ದಿನ ಸೀಲು ಇಲ್ಲ. ಮತ್ತೊಂದು ದಿನ ಫಾರಂ ಮುಗಿದಿದೆ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಒಮ್ಮೆ ನನ್ನ ಮುಖ ನೋಡಿ, "ನಿಮ್ಮ ನಾಳೆ ಎಲ್ಲೋ ಕಳ್ದೋಯ್ತಾ ಅದೆ ಸ್ವಾಮಿ. ತನ್ನಿ, ಅದರ ಮ್ಯಾಲೆ ಒಂದು ಹೆಸರು ಹೊಡುದು ಕೊಡ್ತೀನಿ" ಎಂದರು. ಓದುತ್ತಾ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮತ್ತೊಮ್ಮೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು: "ದೊಡ್ಡ ಸೀಲು ಬ್ಯಾಡ. ನೀವೇ ಎಲ್ಡು ಸಾಲು ಬರುದು ಕೊಡಿ, ಇಂಥೋನ ಸಾಮಾನು ಇಲ್ಲಿ ಅದೆ ಅಂತ. ಮಗಳು ನಂಬ್ತಾ ಇಲ್ಲ."

ಎರಡು ಸಾಲು. ಆ ದಿನ ನಾನು ಎಷ್ಟು ಸಾಲು ಬರೆದಿರಬಹುದು? ಆದರೆ ಆ ಎರಡು ಸಾಲು ಬರೆದರೆ ರಿಜಿಸ್ಟರಿನ ಮೂರು ಸಾಲು ಸುಳ್ಳಾಗುತ್ತಿದ್ದವು. "ನೋಡೋಣ ಸಾಬ್ರೇ" ಎಂದೆ.

ಆಮೇಲೆ ಅವರು ಕೇಳುವುದನ್ನು ನಿಲ್ಲಿಸಿದರು. ಬರುವುದನ್ನು ನಿಲ್ಲಿಸಲಿಲ್ಲ. ಪತ್ರಿಕೆ ಓದುವರು, ಮಡಿಸುವರು, ನನ್ನ ಮೇಜಿನತ್ತ ನೋಡದೆ ಹೋಗುವರು. ಒಂದು ಮಳೆಗಾಲದಲ್ಲಿ ಆ ಪತ್ರಿಕೆ ಬೆಳಿಗ್ಗೆ ಬಂದ ಮಡಿಕೆಯಲ್ಲೇ ಸಂಜೆಯವರೆಗೂ ಇರತೊಡಗಿತು. ಒಂದೆರಡು ವಾರವಾದ ಮೇಲೆ ಬಸ್ ನಿಲ್ದಾಣದ ಬಾಳೆಹಣ್ಣಿನವನು, ಸಾಬರು ಹೋಗಿಬಿಟ್ಟರು ಎಂದ. ಓದುಗರಿಲ್ಲ ಎಂಬ ಕಾರಣಕ್ಕೆ ಆ ಪತ್ರಿಕೆಯನ್ನು ನಿಲ್ಲಿಸಬಹುದೆಂದು ಮೇಲಿನ ಕಚೇರಿಗೆ ಬರೆದವನೂ ನಾನೇ.

ಇಷ್ಟಾದರೂ ನನಗೆ ಅದು ಪಾಪವೆಂದು ಅನಿಸಿರಲಿಲ್ಲ. ನಿವೃತ್ತನಾಗಿ ಹರವೆಗೆ ಬಂದೆ. ಜೇಬಿಗೆ ಹಾಕಿಕೊಂಡಿದ್ದ ಉಳಿ ಯಾವತ್ತೋ ಅಡುಗೆಮನೆ ಸೇರಿತ್ತು. ನನ್ನ ಹೆಂಡತಿ ಅದರಲ್ಲಿ ಬೆಲ್ಲ ಒಡೆಯುತ್ತಿದ್ದಳು.

ಹೋದ ವರ್ಷ ಒಂದು ಫೋನು ಬಂತು. ಜಿಲ್ಲೆಯ ಗ್ರಂಥಾಲಯ, ವಸ್ತು ಸಂಗ್ರಹಾಲಯ, ದಾಖಲೆ ಕೊಠಡಿ ಮೂರರ ಪಟ್ಟಿಗಳನ್ನೂ ಕಂಪ್ಯೂಟರಿನಲ್ಲಿ ಒಂದು ಮಾಡುವ ಕೆಲಸ ನಡೆಯುತ್ತಿದೆ, ಹಳೆಯ ಕೆಲವು ನಮೂದುಗಳಲ್ಲಿ ನಿಮ್ಮ ಸಹಿ ಇದೆ, ಒಮ್ಮೆ ಬರಲಾದೀತೇ ಎಂದು ಒಬ್ಬ ಹುಡುಗಿಯ ದನಿ ಕೇಳಿತು. ನನಗೆ ಹೆಮ್ಮೆಯೇ ಆಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಾಮರಾಜನಗರದ ಬಸ್ಸು ಹತ್ತಿದೆ.

ಆಕೆ ಆ ಕೆಲಸದ ಅಧಿಕಾರಿ. ಮೂವತ್ತರ ಆಸುಪಾಸು, ಬೇರೆ ಜಿಲ್ಲೆಯವರು. ನನಗೆ ಟೀ ತರಿಸಿ, ಕೆಲಸವನ್ನು ಸಾವಧಾನವಾಗಿ ವಿವರಿಸಿದರು.

"ಮೂರು ಕಡೆಯವರೂ ಒಂದೊಂದು ಪ್ರಶ್ನೆ ಕೇಳಿಕೊಂಡು ಬಂದಿದ್ದಾರೆ ಸರ್. ಗ್ರಂಥಾಲಯದವರು, ಇದನ್ನು ಬರೆದವರು ಯಾರು ಅಂತಾರೆ. ಸಂಗ್ರಹಾಲಯದವರು, ಇದು ಯಾತರಿಂದ ಮಾಡಿದ್ದು, ಯಾತಕ್ಕೆ ಬಳಸಿದ್ದು ಅಂತಾರೆ. ದಾಖಲೆ ಕೊಠಡಿಯವರು, ಇದು ಯಾರ ಮನೆಯಿಂದ ಬಂತು, ಯಾತರ ಪಕ್ಕದಲ್ಲಿತ್ತು ಅಂತಾರೆ. ಮೂರೂ ಸರಿಯೇ. ಆದರೆ ಒಬ್ಬರ ಪ್ರಶ್ನೆ ಇನ್ನೊಬ್ಬರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಒಂದೇ ಮನೆಯ ಸಾಮಾನು ಮೂರು ಕಡೆ ಮೂರು ಅನಾಥರ ಹಾಗೆ ಬಿದ್ದಿರುತ್ತದೆ."

ನನಗೆ ಗುಂಡ್ಲುಪೇಟೆಯ ಮಾರುಕಟ್ಟೆ ನೆನಪಾಯಿತು. ಈರುಳ್ಳಿ ತಂದ ರೈತ ಅದು ಯಾವ ಹೊಲದ್ದು ಎಂದು ಹೇಳುತ್ತಾನೆ. ವ್ಯಾಪಾರಿ ದಪ್ಪವೋ ಸಣ್ಣವೋ ಎಂದು ಹೇಳುತ್ತಾನೆ. ಲಾರಿಯವನಿಗೆ ಅದು ಎಷ್ಟು ಮೂಟೆ ಎಂಬುದಷ್ಟೆ. ಮೂವರೂ ಒಂದೇ ಈರುಳ್ಳಿಯ ಮಾತಾಡುತ್ತಿರುತ್ತಾರೆ, ಆದರೆ ಲಾರಿ ಕೇರಳದ ಗಡಿ ದಾಟಿದ ಮೇಲೆ ಅದು ಯಾರ ಹೊಲದ್ದೆಂದು ದೇವರಿಗೂ ಗೊತ್ತಿರುವುದಿಲ್ಲ. ಇದನ್ನು ಆಕೆಗೆ ಹೇಳಿದೆ. ಆಕೆ ಖುಷಿಯಾಗಿ, "ಅದೇ ಸರ್. ಇದುವರೆಗೆ ನಾವು ವಸ್ತು ಹೇಗಿದೆ ಎಂದು ಬರೆಯುತ್ತಿದ್ದೆವು. ಈಗ ವಸ್ತುವಿಗೆ ಏನೇನು ನಡೆಯಿತು ಎಂದು ಬರೆಯುತ್ತೇವೆ. ಯಾರೋ ಮಾಡಿದರು, ಯಾರೋ ಬಳಸಿದರು, ಯಾರೋ ಕೊಟ್ಟರು. ಪ್ರತಿ ನಡೆಗೂ ಒಬ್ಬ ಮನುಷ್ಯ. ಆ ಮನುಷ್ಯನ ಮೂಲಕ ಮೂರು ಪಟ್ಟಿಯೂ ಒಂದಕ್ಕೊಂದು ಸೇರಿಕೊಳ್ಳುತ್ತವೆ" ಎಂದರು.

ನಾನು ಟೀ ಕುಡಿಯುತ್ತಾ ತಲೆಯಾಡಿಸುತ್ತಿದ್ದೆ. ಆಗ ಆಕೆ ಒಂದು ಫೋಟೊ ನನ್ನ ಮುಂದೆ ಇಟ್ಟರು. ಆ ತಾಮ್ರದ ತಗಡು.

"ಇದು ಏನೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಗೊತ್ತಿದ್ದವರು ತಿಳಿಸಿ ಎಂದು ವಾಟ್ಸಾಪಿನಲ್ಲಿ ಹಾಕಿದೆವು. ಗುಂಡ್ಲುಪೇಟೆಯಿಂದ ಇವರು ಬಂದಿದ್ದಾರೆ."

ಬಾಗಿಲ ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಐವತ್ತು ದಾಟಿರಬಹುದು. ಹೊಲಿಗೆ ಅಂಗಡಿ ಇಟ್ಟಿರುವುದಾಗಿ ಆಮೇಲೆ ಗೊತ್ತಾಯಿತು. ಬುರ್ಖಾದ ತೋಳಿಗೆ ಒಂದು ಸೂಜಿ ಚುಚ್ಚಿಕೊಂಡು ಹಾಗೇ ಮರೆತು ಬಂದಿದ್ದರು.

"ಅದು ನಮ್ಮ ಅಬ್ಬಾದು ಸಾರ್" ಎಂದರು. "ನಾನು ಚಿಕ್ಕೋಳಿದ್ದಾಗ ಆ ಮೀನಿನ ಗುರುತಿನ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ತಾ ಇದ್ದೆ. ಟ್ರಂಕು ಲೈಬ್ರರಿಗೆ ಕೊಟ್ಟೆ ಅಂತ ಅಬ್ಬಾ ಹೇಳಿದ್ರು. ಚೀಟಿ ಎಲ್ಲಿ ಅಂದೆ. ನಾಳೆ ಕೊಡ್ತಾರೆ, ನಾಳೆ ಕೊಡ್ತಾರೆ ಅಂತ ವರ್ಷ ಕಳುದ್ರು. ಗುಜರಿಗೆ ಹಾಕ್ಬುಟ್ಟು ಸುಳ್ಳು ಯಾಕೆ ಹೇಳ್ತೀರ ಅಬ್ಬಾ ಅಂತ ನಾನೇ ಅಂದ್ಬುಟ್ಟಿದ್ದೆ, ನೆಂಟರ ಎದುರಿಗೆ. ಆವತ್ತಿಂದ ಆ ಮಾತು ಅವರು ಎತ್ತಲೇ ಇಲ್ಲ."

ಅಧಿಕಾರಿ ನನ್ನ ಕಡೆ ತಿರುಗಿದರು. "ರಿಜಿಸ್ಟರಿನಲ್ಲಿ ಹಳೆ ದಾಸ್ತಾನು ಅಂತಿದೆ ಸರ್. ತಗಡಿನ ಜೊತೆ ಉಳಿಗಳಿವೆ. ಗುಂಡ್ಲುಪೇಟೆಯಲ್ಲಿ ಒಂದು ಕೈಬರಹದ ಪುಸ್ತಕವಿದೆ, ದಾಖಲೆ ಕೊಠಡಿಯಲ್ಲಿ ಒಂದು ಕಟ್ಟು ಚೀಟಿ. ಮೂರೂ ಒಂದೇ ಕಡೆಯವೆಂದು ನನ್ನ ಅನುಮಾನ. ಅನುಮಾನದ ಮೇಲೆ ದಾನಿಯ ಹೆಸರು ಹಾಕಲು ಬರುವುದಿಲ್ಲ. ಬರೆದವರು ನೀವು. ಈ ಮೂರೂ ಒಟ್ಟಿಗೆ ಬಂದವೇ?"

ನಾನು ಫೋಟೊ ನೋಡುತ್ತಾ, "ನೆನಪಿಲ್ಲ ಮೇಡಂ. ಬಹಳ ಹಳೇ ಕತೆ" ಎಂದೆ.

ಹಳೆಯ ತಪ್ಪಿಗೆ ಏನಾದರೂ ಕಾರಣ ಹೇಳಬಹುದು. ಇದಕ್ಕೆ ಯಾವ ಕಾರಣವೂ ಇಲ್ಲ. ಈಗ ನನ್ನನ್ನು ಯಾರೂ ಏನೂ ಮಾಡುವಂತಿರಲಿಲ್ಲ. ಆ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಅವರ ಅಪ್ಪನ ಮುಖಕ್ಕೆ ಸುಳ್ಳು ಹೇಳಿದಂತೆಯೇ ಮಗಳ ಮುಖಕ್ಕೂ ಹೇಳಿ, ಎದ್ದು ಬಸ್ಸು ಹತ್ತಿದೆ.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಬೆಲ್ಲ ಒಡೆಯುತ್ತಿದ್ದಳು. ಟಕ್, ಟಕ್. ಸಾಬರ ಅಂಗಡಿಯ ಓಣಿಯ ಸದ್ದು ಅದೇ. ಇಷ್ಟು ವರ್ಷ ದಿನಾ ಕೇಳಿದ್ದೆ, ಅಂದು ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಅವಳ ಕೈಯಿಂದ ಉಳಿ ತೆಗೆದುಕೊಂಡು ಬಿಸಿನೀರಿನಲ್ಲಿ ನೆನೆಸಿ ಹಳೆಯ ಬ್ರಷ್ಷಿನಿಂದ ಉಜ್ಜತೊಡಗಿದೆ.

"ಅದೇನ್ರೀ, ಬೆಲ್ಲದ ಉಳಿಗೆ ಸ್ನಾನ ಮಾಡುಸ್ತಾ ಕುಂತಿದ್ದೀರಿ? ಹಬ್ಬ ಬಂತಾ?"

ತುದಿಯಲ್ಲಿ ಗಟ್ಟಿಯಾಗಿದ್ದ ಬೆಲ್ಲ ಕರಗಿತು. ಹೆಸರುಕಾಳಿನಷ್ಟು ಒಂದು ಮೀನು ಕಾಣಿಸಿಕೊಂಡಿತು, ಬಾಲದ ಗೆರೆಗಳ ಸಮೇತ. ಬೆನ್ನಿನ ಮೇಲೆ ಗೀರುಗಳು, ಎರಡು ಉದ್ದ, ಒಂದು ಗಿಡ್ಡ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಕಚೇರಿಯ ಮಾತನ್ನು ಅವಳಿಗೆ ಹೇಳಿದ್ದು ಅದೇ ಮೊದಲು. ಅವಳು ಬೆಲ್ಲದ ಪುಡಿಯನ್ನು ಬೆರಳಲ್ಲಿ ಒಟ್ಟು ಮಾಡುತ್ತಾ ಕೇಳಿಸಿಕೊಂಡಳು.

"ಇಷ್ಟು ವರ್ಸ ಕಂಡೋರ ಸೊತ್ತಲ್ಲಿ ನನ್ನ ಕೈಲಿ ಬೆಲ್ಲ ಕುಟ್ಟುಸುದ್ರಲ್ಲ. ನನ್ನೂ ಕೂಡ್ಸ್‌ಕಂಡ್ರಿ ನಿಮ್ಮ ಪಾಪಕ್ಕೆ. ನಾಳಿಕೆ ಎದ್ದು ಓಗಿ ಕೊಟ್ಬುಟ್ಟು ಬನ್ನಿ."

"ಆ ಹೆಂಗಸಿನ ಮುಖ ಹೆಂಗೆ ನೋಡ್ಲಿ?"

"ಮುಖ ನೋಡ್ಬ್ಯಾಡಿ, ನೆಲ ನೋಡ್ಕಂಡು ಯೋಳಿ. ಯೋಳದಂತೂ ಯೋಳಿ. ಬರೋವಾಗ ಬೆಲ್ಲ ಕುಟ್ಟಕೆ ಇನ್ನೇನಾರ ತಕ್ಕಬನ್ನಿ."

ಬೆಳಿಗ್ಗೆ ಅಧಿಕಾರಿಗೆ ಫೋನು ಮಾಡಿ, ನೆನಪಾಗಿದೆ ಎಂದೆ. ತಕ್ಷಣ ತಿದ್ದಿಕೊಂಡು, ಮರೆತೇ ಇರಲಿಲ್ಲ ಎಂದೂ ಹೇಳಿದೆ. ಆಕೆ ಎರಡು ದಿನ ಬಿಟ್ಟು ಬರಲು ಹೇಳಿದರು. ನಾನು ಹೋದಾಗ ಉದ್ದ ಮೇಜಿನ ಮೇಲೆ ಪುಸ್ತಕ, ಉಳಿಗಳು, ತಗಡು, ಚೀಟಿಗಳು ಎಲ್ಲವೂ ಇದ್ದವು. ನಾನು ಬೇರೆ ಬೇರೆ ಮಾಡಿದ ಮೇಲೆ ಅವು ಒಂದು ಮೇಜಿನ ಮೇಲೆ ಕೂಡಿದ್ದು ಅದೇ ಮೊದಲು. ಸಾಬರ ಮಗಳು ಆಗಲೇ ಬಂದು ಕೂತಿದ್ದರು.

ಉಳಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಹೆಂಡತಿ ಹೇಳಿದಂತೆ ನೆಲ ನೋಡಿಕೊಂಡು ಹೇಳಿದೆ. ಟ್ರಂಕು ಬಂದದ್ದು, ಗಂಟು ಎಂದು ಬರೆದದ್ದು, ಸುರುಳಿ ಸುಟ್ಟದ್ದು, ಪಟ್ಟಿ ಸುಟ್ಟದ್ದು, ನಾಳೆ ನಾಳೆ ಎಂದದ್ದು, ಮೊನ್ನೆ ಇದೇ ಕೋಣೆಯಲ್ಲಿ ನೆನಪಿಲ್ಲ ಎಂದದ್ದು.

ಸಾಬರ ಮಗಳು ಕೇಳಿದರು, "ಎಷ್ಟು ಸಲ ಕೇಳಿದ್ರು ಸಾರ್, ನಮ್ಮ ಅಬ್ಬಾ? ಚೀಟಿನ."

"ಎಣಿಸಲಿಲ್ಲ ತಾಯಿ."

"ಅದನ್ನೂ ಎಣಿಸಲಿಲ್ವಾ" ಎಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಅಧಿಕಾರಿ ನಿಧಾನವಾಗಿ, ಮಾತೇನೋ ಸರಿ, ಆದರೆ ಪುಸ್ತಕ ಅವರದೇ ಎನ್ನಲು ನಿಮ್ಮ ಮಾತಿನ ಹೊರತು ಬೇರೇನಾದರೂ ಇದೆಯೇ ಎಂದು ಕೇಳಿದರು. ಇದೆ ಎಂದೆ. ಪುಸ್ತಕ ತೆರೆದು ಹುಡುಕಿದೆ. ಪುಟ ಪುಟಕ್ಕೂ ಬೇರೆ ಬೇರೆ ಕೈಬರಹ. ಕೆಲವರು ತಪ್ಪು ಬರೆದು ಹೊಡೆದು ಮತ್ತೆ ಬರೆದಿದ್ದರು. ಒಬ್ಬರು ಹೆಸರಿನ ಕೆಳಗೆ ಕೋಳಿಮರಿ ಬಿಡಿಸಿದ್ದರು. ಕರ್ತೃ ತಿಳಿದಿಲ್ಲ ಎಂದು ನಾನು ಬರೆದಿದ್ದ ಪುಸ್ತಕಕ್ಕೆ ಸುತ್ತಲ ಹಳ್ಳಿಗಳಷ್ಟೂ ಕರ್ತೃಗಳು. ಅರ್ಧ ದಾಟಿದ ಮೇಲೆ ನನ್ನ ತಂಗಿಯ ಹೆಸರು ಸಿಕ್ಕಿತು. ನನ್ನ ಅಕ್ಷರ, ಕೊಂಬಿನ ಬಾಲ. ಅಧಿಕಾರಿ ನನ್ನ ಹಳೆಯ ರಿಜಿಸ್ಟರನ್ನು ಪಕ್ಕದಲ್ಲಿಟ್ಟು ನೋಡಿದರು. ಎರಡೂ ಒಂದೇ ಕೈ. ನನ್ನ ತಂಗಿಯ ಮನೆಯಲ್ಲಿ ಆ ಹಂಡೆ ಇನ್ನೂ ಇದೆ, ಯಾವಾಗ ಬೇಕಾದರೂ ತಂದು ತೋರಿಸುತ್ತೇನೆ ಎಂದೆ.

ಹೆಸರಿನ ಕೆಳಗಿದ್ದ ಉರ್ದುವನ್ನು ಸಾಬರ ಮಗಳು ಬೆರಳಿಟ್ಟು ಓದಿದರು. "ಹರವೆ. ತಾಮ್ರದ ಹಂಡೆ. ದೀಪದ ಉಳಿ, ನಾಲ್ಕು ಉದ್ದ ಗೀರು." ಆ ಬೆರಳು ಇಟ್ಟ ರೀತಿ ಅವರ ಅಪ್ಪನದೇ. ಆಮೇಲೆ ಒಂದೊಂದೇ ಪುಟ ಓದಿ ಹೇಳುತ್ತಾ ಹೋದರು. ನಾನೂ ಅಧಿಕಾರಿಯೂ ಗೀರು ನೋಡಿ ಉಳಿಗಳನ್ನು ತಗಡಿನ ಮಾದರಿಗೆ ಜೋಡಿಸುತ್ತಾ ಹೋದೆವು. ಸುಟ್ಟ ಪಟ್ಟಿಯ ಒಂದಷ್ಟು ಭಾಗ ಹಾಗೆ ಮತ್ತೆ ಹುಟ್ಟಿತು, ಪೂರ್ತಿಯಲ್ಲ. ಚೀಟಿಗಳಲ್ಲಿ ಅನೇಕವು ಯಾವ ಪುಟಕ್ಕೆ ಸೇರಿದವೋ ತಿಳಿಯಲಿಲ್ಲ.

ತಗಡಿನಲ್ಲಿ ಇಪ್ಪತ್ತನಾಲ್ಕು ಗುರುತುಗಳಿದ್ದವು. ಗಂಟಿನಲ್ಲಿ ಹತ್ತೊಂಬತ್ತು ಉಳಿ, ನಾನು ತಂದದ್ದು ಸೇರಿ ಇಪ್ಪತ್ತು. ನಾಲ್ಕು ಇಲ್ಲ. ಎಲ್ಲಿ ಬಿದ್ದವೋ, ಯಾರು ಒಯ್ದರೋ ಯಾರಿಗೂ ಗೊತ್ತಿಲ್ಲ. ಒಂದು ಗಂಟು ಎಂದು ಬರೆದ ಮೇಲೆ ಕಳೆದದ್ದು ಯಾರಿಗೆ ಗೊತ್ತಾಗಬೇಕು? ನಮ್ಮ ಗುಮಾಸ್ತರ ಮಾತು ತಿರುಗಿ ನನ್ನನ್ನೇ ಹೊಡೆಯಿತು. ಎಣಿಸದೇ ಇದ್ದದ್ದೇ ಕಳೆದಿತ್ತು. ಆ ನಾಲ್ಕರಲ್ಲಿ ಒಂದು, ನನ್ನ ತಂಗಿಯ ಹಂಡೆಗೆ ಹೊಡೆದ ದೀಪ.

ಅಧಿಕಾರಿ ಕಂಪ್ಯೂಟರಿನಲ್ಲಿ ಹೊಸ ಹಾಳೆ ತೆರೆದು ಒಂದೊಂದಾಗಿ ಕೇಳುತ್ತಾ ಬರೆದರು. ಮಾಡಿದವರು, ಬಳಸಿದವರು, ಕೊಟ್ಟವರು ಎಲ್ಲ ಕಡೆಯೂ ಸಾಬರ ಪೂರ್ತಿ ಹೆಸರು ಬಂತು. ಮಗಳು ಒಂದು ಅಕ್ಷರ ತಿದ್ದಿಸಿದರು. ನಾನು ಕೇಳಿದೆ, "ಇವನ್ನು ಬೇರೆ ಬೇರೆ ಮಾಡಿದ್ದನ್ನು ಬರೆಯಲು ಜಾಗವಿದೆಯೇ ಮೇಡಂ?"

"ಇದೆ ಸರ್. ಅದೂ ಒಂದು ನಡೆಯೇ. ಯಾರು, ಯಾಕೆ ಎಂದು ಕೇಳುತ್ತದೆ."

ನನ್ನ ಹೆಸರು ಹೇಳಿದೆ. ಯಾಕೆ ಎಂಬಲ್ಲಿ ಆಕೆ ಕೈ ತಡೆದು, ಸ್ಥಳದ ಅಭಾವ ಎಂದು ಹಾಕಲೇ ಎಂದು ಕೇಳಿದರು. ಪಾಪ, ವಯಸ್ಸಾದವನೆಂದು ಕನಿಕರ. ಬೇಡ, ಎಣಿಸಲು ಹೆದರಿ ಎಂದು ಬರೆಯಿರಿ ಎಂದೆ. ಹಾಗೆಯೇ ಬರೆದರು.

ದಾನದ ರಸೀತಿ ಮುದ್ರಣವಾಗಿ ಅಂಚೆಯಲ್ಲಿ ಮನೆಗೆ ಬರುತ್ತದೆ ಎಂದು ಅಧಿಕಾರಿ ಹೇಳಿದಾಗ ಸಾಬರ ಮಗಳು ತಲೆಯಾಡಿಸಿದರು. "ಅದು ಬರಲಿ ಮೇಡಂ. ನನಗೆ ಇವರ ಕೈಯಿಂದ ಎರಡು ಸಾಲು ಬೇಕು. ಅಬ್ಬಾ ಕೇಳಿದ್ದು ಇವರನ್ನ."

ನನ್ನ ಸಹಿಗೆ ಈಗ ಯಾವ ಬೆಲೆಯೂ ಇಲ್ಲ ತಾಯಿ ಎಂದೆ. ಪರವಾಗಿಲ್ಲ ಬರೀರಿ ಎಂದರು. ಒಂದು ಬಿಳಿ ಹಾಳೆಯಲ್ಲಿ ಬರೆದೆ. ಇಂಥವರು ತಮ್ಮ ಕಸುಬಿನ ಪುಸ್ತಕ, ಉಳಿ, ತಗಡು, ಚೀಟಿಗಳನ್ನು ಒಂದೇ ಟ್ರಂಕಿನಲ್ಲಿ ತಂದು ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ, ನಾನು ಕೈಯಾರೆ ಪಡೆದಿದ್ದೇನೆ. ಅಕ್ಷರ ಸೊಟ್ಟಗಾಯಿತು.

ತಾರೀಖಿನ ಜಾಗಕ್ಕೆ ಬಂದಾಗ ನಿಂತೆ. "ಅವರು ತಂದು ಕೊಟ್ಟ ಕಾಲದ ತಾರೀಖು ಹಾಕಲೇ? ಅಂದಾಜಿನಲ್ಲಿ ಗೊತ್ತಿದೆ."

"ಬೇಡ" ಎಂದರು. "ಇವತ್ತಿಂದೇ ಹಾಕಿ. ಎಷ್ಟು ದಿನಕ್ಕೆ ಕೊಟ್ರಿ ಅಂತ ನೋಡಿದೋರಿಗೆ ಗೊತ್ತಾಗ್ಲಿ."

ಇವತ್ತಿನದೇ ಹಾಕಿದೆ. ಅವರು ಹಾಳೆಯನ್ನು ತೆಗೆದುಕೊಂಡು, ಶಾಯಿ ಆರುವವರೆಗೂ ಕಾದು, ಅಂಚಿಗೆ ಅಂಚು ಕೂಡಿಸಿ ಮಡಿಸಿದರು. ಆವತ್ತಿನಂತೆಯೇ ತೋಳಿಗೆ ಚುಚ್ಚಿಕೊಂಡಿದ್ದ ದಾರದ ಸೂಜಿಯನ್ನು ತೆಗೆದು, ಆ ಹಾಳೆಯನ್ನು ಹಣದ ಚೀಲದ ಒಳಬಟ್ಟೆಗೆ ಎರಡು ಹೊಲಿಗೆ ಹಾಕಿ ಭದ್ರ ಮಾಡಿಕೊಂಡರು. ಅಧಿಕಾರಿಯನ್ನು ಗುಂಡ್ಲುಪೇಟೆ ಬಸ್ಸಿನ ಹೊತ್ತು ಕೇಳಿಕೊಂಡು ಹೊರಟರು.